ಸಾಲ್ಯಾಗ ಆಯಮ್ಮ, ಮನ್ಯಾಗ ಅವ್ವ

ನನ್ನನ್ನು ಶಾಲೆಗೆ ಸೇರಿಸುವ ಸಂದರ್ಶನದಲ್ಲಿ ನಾನು ಪಾಸಾಗಿದ್ದೆ. ಫೇಲಾದವರು ಅಪ್ಪ ಮತ್ತು ಅವ್ವ.

ಆಗ ನನಗೆ ಐದು ವರ್ಷ. ನಮ್ಮ ಹಳ್ಳಿ ಚಿಂತಾಕಿ ಬಿಟ್ಟು ಬೀದರಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಅಪ್ಪ ಊರ ಹೊರಗಿನ ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಒಡೆಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಮೀಸೆ, ಕಿವಿಯ ಮಡಿಕೆಗಳೆಲ್ಲ ತೆಳು ಹಳದಿಯಾಗಿರುತ್ತಿದ್ದವು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಅವನು. ಅವ್ವ ಏಳರವರೆಗೆ ಓದಿದ್ದಳು. ಹಾಗಾಗಿ ನಮ್ಮ ಮನೆಯ ವಿದ್ಯಾವಂತೆ ಅವ್ವನೇ. ಆ ಸಂಗತಿ ಅಪ್ಪನಿಗೆ ಮರೆತುಹೋಗದಂತೆ ಅವಳು ಎಚ್ಚರ ವಹಿಸುತ್ತಿದ್ದಳು.

ಹಳೇ ಊರಿನ ಗಲ್ಲಿಯಲ್ಲಿ ನಮ್ಮ ಬಾಡಿಗೆ ಕೋಣೆಗೆ ಅಂಟಿಕೊಂಡ ಮನೆಯಲ್ಲಿ ಒಬ್ಬರು ಹೊಲಿಗೆ ಮಾಡುತ್ತಿದ್ದರು. ಗಲ್ಲಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಶಾಲೆಗಳ ಸಮವಸ್ತ್ರವೇ ಅವರ ಮುಖ್ಯ ಕಸುಬು, ಆದ್ದರಿಂದ ಬೀದರಿನ ಶಾಲೆಗಳ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಶಿಕ್ಷಣ ಇಲಾಖೆಗೂ ಗೊತ್ತಿರಲಿಲ್ಲ. ಹೊಲಿಸಲು ಬರುವ ತಾಯಂದಿರನ್ನು ನೋಡಿ ಅವರು ಶಾಲೆಗಳಿಗೆ ದರ್ಜೆ ಕೊಡುತ್ತಿದ್ದರು. ಕೇಳಿದಷ್ಟು ಕೊಟ್ಟು ಹೋಗುವವರ ಶಾಲೆ ಎರಡನೇ ದರ್ಜೆ. ಕಾರಿನಲ್ಲಿ ಬಂದು, ಇಳಿದು, ಒಂದು ಗುಂಡಿಗಾಗಿಯೂ ಚೌಕಾಸಿ ಮಾಡುವವರ ಶಾಲೆ ಮೊದಲನೇ ದರ್ಜೆ. ಅವ್ವ ನನಗಾಗಿ ಆರಿಸಿದ್ದು ಮೊದಲನೇ ದರ್ಜೆಯ ಶಾಲೆ. ಕಾರಿನವರದು.

ಆ ಶಾಲೆಯಲ್ಲಿ ತಂದೆತಾಯಿಗೂ ಸಂದರ್ಶನ ಇರುತ್ತದೆಂದು ಎಚ್ಚರಿಸಿದವರೂ ಖಾಲಾ. ಅವರು ಪಿಯುಸಿವರೆಗೆ ಓದಿದ್ದರು. ಒಂದು ವಾರ ದಿನಾ ಸಂಜೆ ಹೊಲಿಗೆ ಯಂತ್ರದ ಮುಂದೆ ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಮೂರು ಇಂಗ್ಲಿಷ್ ವಾಕ್ಯ ಕಲಿಸಿದರು. ಒಳಗೆ ಹೋದ ತಕ್ಷಣ ಗುಡ್ ಮಾರ್ನಿಂಗ್ ಮೇಡಂ. ಏನಾದರೂ ಕೇಳಿದರೆ ವಿ ವಿಲ್ ಕೋಆಪರೇಟ್. ಎದ್ದು ಬರುವಾಗ ಥ್ಯಾಂಕ್ ಯು ಫಾರ್ ಯುವರ್ ಟೈಮ್. ಅವ್ವನ ನಾಲಿಗೆ ಕೋಆಪರೇಟ್ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅಪ್ಪನಿಗೆ ಮಾತ್ರ ಅದು ಎಷ್ಟು ಹಿಡಿಸಿತೆಂದರೆ, ಸೈಕಲ್ ಒರೆಸುವಾಗಲೂ ಹೇಳಿಕೊಳ್ಳುತ್ತಿದ್ದ.

ಸಂದರ್ಶನದ ದಿನ ಶಾಲೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದವರು, ಮೊದಲು ನನಗೆ ಅಂಕಿ ಹೇಳು ಅಂದರು. ನಾನು ಇಪ್ಪತ್ತರವರೆಗೆ ಹೇಳಿದೆ. ಯಾರೂ ಸಾಕು ಅನ್ನಲಿಲ್ಲವಾದ್ದರಿಂದ ಮತ್ತೆ ಒಂದರಿಂದ ಶುರುಮಾಡಿದೆ. ಮೇಡಂ ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿ ಒಳ್ಳೆಯ ಕನ್ನಡದಲ್ಲಿ, ಮನೆಯಲ್ಲಿ ಮಗುವಿಗೆ ಅಭ್ಯಾಸ ಯಾರು ಹೇಳಿಕೊಡುತ್ತೀರಿ ಎಂದು ಕೇಳಿದರು.

"ವಿ ವಿಲ್ ಕೋಆಪರೇಟ್," ಎಂದ ಅಪ್ಪ.

ಮೇಡಂ ಮುಂದೆ, ತಾವು ಏನು ಕೆಲಸ ಮಾಡುತ್ತೀರಿ ಎಂದರು. ಅದಕ್ಕೂ ಅಪ್ಪ ಅದನ್ನೇ ಹೇಳಿದ, ಈ ಸಲ ಕೊನೆಗೆ ಮೇಡಂ ಸೇರಿಸಿ. ಅವ್ವ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ ಎಂಬ ಮೂರನೇ ಪ್ರಶ್ನೆ ಬಂದಾಗ, ಚಿವುಟಿದ್ದು ವಾಕ್ಯ ಬದಲಿಸಲು ಎಂದು ತಿಳಿದ ಅಪ್ಪ ಥ್ಯಾಂಕ್ ಯು ಫಾರ್ ಯುವರ್ ಟೈಮ್ ಎಂದು ಹೇಳಿ ಎದ್ದು ನಿಂತ. ಅವನು ಎದ್ದ ಮೇಲೆ ಅವ್ವನೂ ಏಳಬೇಕಾಯಿತು. ಸಂದರ್ಶನ ಮುಗಿಯಿತು.

ನಾಲ್ಕು ದಿನ ಬಿಟ್ಟು ಫಲಕದ ಮೇಲೆ ಹಚ್ಚಿದ ಯಾದಿಯಲ್ಲಿ ನನ್ನ ಹೆಸರಿರಲಿಲ್ಲ. ಅವ್ವ ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ನಾವು ಹೊರಡಬೇಕು ಅನ್ನುವಾಗ ವರಾಂಡದಲ್ಲಿ ಒಂದು ಸಣ್ಣ ಮಗು ವಾಂತಿ ಮಾಡಿಕೊಂಡಿತು. ಸುತ್ತ ನಿಂತ ತಾಯಂದಿರು ಸೀರೆ ಎತ್ತಿ ಹಿಂದೆ ಸರಿದರು. ಶಾಲೆಯ ಆಯಾ ಹಿಂದಿನ ವಾರವೇ ಕೆಲಸ ಬಿಟ್ಟಿದ್ದಳಂತೆ. ಯಾರೋ ಯಾರನ್ನಾದರೂ ಕರೆಯಿರಿ ಎಂದು ಹೇಳುತ್ತಿದ್ದರು. ಅವ್ವ ನನ್ನ ಕೈ ಬಿಟ್ಟು ಹೋಗಿ ಆ ಮಗುವಿನ ಹಣೆ ಹಿಡಿದಳು, ನಲ್ಲಿಯ ಹತ್ತಿರ ಒಯ್ದು ಬಾಯಿ ತೊಳೆಸಿದಳು, ತನ್ನ ಸೆರಗಿನಿಂದಲೇ ಒರೆಸಿದಳು, ಅಂಗಳದಿಂದ ಬೊಗಸೆ ಮಣ್ಣು ತಂದು ನೆಲಕ್ಕೆ ಹಾಕಿದಳು. ದೊಡ್ಡ ಮೇಡಂ ಕಿಟಕಿಯಿಂದ ನೋಡಿದರು, ಒಳಗೆ ಕರೆದರು. ಆಯಾ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದರು. ಸಂಬಳ ಎಷ್ಟು ಎಂದು ಅವ್ವ ಕೇಳಲಿಲ್ಲ.

"ಇಲ್ಲಿ ಕೆಲಸ ಮಾಡೋರ ಮಕ್ಕಳಿಗಿ ಫೀ ಮಾಫ್ ಅದ ಏನ್ರಿ?" ಎಂದಳು.

ಇದೆ ಎಂದರು ಮೇಡಂ. ಅವ್ವ ನಾಳೆಯಿಂದ ಬರುತ್ತೇನೆ ಅಂದಳು. ಮೇಡಂಗೆ ಆಗ ಮಾತ್ರ, ಬಾಗಿಲಲ್ಲಿ ನಿಂತು ಅಂಕಿ ಹೇಳಿಕೊಳ್ಳುತ್ತಿದ್ದ ನನ್ನ ಗುರುತು ಹತ್ತಿರಬೇಕು. ಆದರೆ ಮಾತು ಕೊಟ್ಟಾಗಿತ್ತು, ನನ್ನನ್ನೂ ಸೇರಿಸಿಕೊಂಡರು.

ಸಂಜೆ ಸುದ್ದಿ ಕೇಳಿದ ಅಪ್ಪನಿಗೆ ಬೇಸರವೇ ಆಯಿತು. "ಇಂಗ್ಲಿಷ್ ಮಾತಾಡ್ದಾಂವ ನಾ, ನೌಕರಿ ಸಿಕ್ಕಿದ್ದು ನಿನಗ," ಎಂದು ಎರಡು ದಿನ ಗೊಣಗಿದ.

ಶಾಲೆ ಶುರುವಾಗುವ ಮುಂಚೆ ಅವ್ವ ಒಂದು ಕಟ್ಟಳೆ ಮಾಡಿದಳು. ಶಾಲೆಯೊಳಗೆ ಅವಳು ನನಗೂ ಆಯಮ್ಮ. ಎಲ್ಲ ಮಕ್ಕಳ ಹಾಗೆ ಕರೆಯಬೇಕು, ಎಲ್ಲ ಮಕ್ಕಳ ಹಾಗೆ ದೂರ ಇರಬೇಕು, ಹಸಿವಾದರೂ ನಿದ್ದೆ ಬಂದರೂ ಅವಳ ಸೆರಗು ಹಿಡಿಯಬಾರದು. ನಾನು ಅಳುತ್ತೇನೆಂದು ಅವಳು ತಿಳಿದಿದ್ದಳು. ನಾನು ಅಳಲಿಲ್ಲ. ಮೊದಲ ದಿನವೇ ಗೇಟಿನ ಬಳಿ ಅವಳ ಕೈ ಬಿಟ್ಟು, ಬಾಯ್ ಆಯಮ್ಮ ಎಂದು ಓಡಿಬಿಟ್ಟೆ. ಇಷ್ಟು ಬೇಗ ಕಲಿಯುತ್ತಾಳೆ ಅಂದುಕೊಂಡಿರಲಿಲ್ಲ ಎಂದು ಅವಳು ಖಾಲಾ ಮುಂದೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಹೊಗಳಿಕೆ ಎಂದೇ ತಿಳಿದೆ.

ಅವ್ವನಿಗೆ ಶಾಲೆಯವರು ನೀಲಿ ಕೋಟು ಕೊಟ್ಟಿದ್ದರು. ಆ ಕೋಟು ಹಾಕಿದ ಮೇಲೆ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ಒಂದು ವರ್ಷದೊಳಗೆ ಅವಳಿಗೆ ಬೇಕಾದಷ್ಟು ಇಂಗ್ಲಿಷ್ ಬಂದಿತ್ತು: ಲೈನ್, ಸಾಕ್ಸ್, ಡೋಂಟ್ ಪುಶ್, ಫಿನಿಶ್ ಯುವರ್ ಟಿಫಿನ್. ಈ ಕೊನೆಯದನ್ನು ಅವಳು ಮನೆಯಲ್ಲಿ ಅಪ್ಪನ ಮೇಲೂ ಪ್ರಯೋಗಿಸುತ್ತಿದ್ದಳು. ನೂರಾರು ಮಕ್ಕಳ ಬಿಗಿಯಾದ ಡಬ್ಬಿಗಳನ್ನು ಬಿಚ್ಚಿಕೊಡುವುದು ಅವಳ ಕೆಲಸವಾದ್ದರಿಂದ, ಊರಿನ ಡಾಕ್ಟರು, ಗುತ್ತಿಗೆದಾರರು, ಬೀಜದ ವ್ಯಾಪಾರಿಗಳು ಬೆಳಿಗ್ಗೆ ಏನು ತಿನ್ನುತ್ತಾರೆಂಬುದು ಅವಳಿಗೆ ತಿಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮನೆಯ ಮಗುವಿನ ಡಬ್ಬಿಯಲ್ಲಿ ದಿನವೂ ಬಿಸ್ಕತ್ತು ಇರುತ್ತದೆ, ಪಾಪ, ಎಂದು ಮರುಗುತ್ತಿದ್ದಳು. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ತೊಗರಿ ಪಲ್ಲೆ. ನನಗೆ ಬಿಸ್ಕತ್ತಿನ ಮಗುವಾಗುವ ಆಸೆ.

ನನ್ನ ಸಮವಸ್ತ್ರ ಖಾಲಾ ಹೊಲಿದುಕೊಡುತ್ತಿದ್ದರು, ಬೇರೆಯವರ ಅಳತೆಯಲ್ಲಿ ಉಳಿದ ಬಟ್ಟೆಯಿಂದ. ಬಟ್ಟೆ ಒಂದೇ ಅಂಗಡಿಯದಾದರೂ ಒಂದೇ ಥಾನಿನ ಸುರುಳಿಯದಲ್ಲ. ಹೀಗಾಗಿ ಎಡತೋಳು ಬಲತೋಳಿಗಿಂತ ತುಸು ತಿಳಿಯಾಗಿರುತ್ತಿತ್ತು. ಯಾರಾದರೂ ಕೇಳಿದರೆ, ಕಿಟಕಿ ಪಕ್ಕ ಕೂರುತ್ತೇನೆ, ಬಿಸಿಲಿಗೆ ಹಾಗಾಗಿದೆ ಎನ್ನುತ್ತಿದ್ದೆ. ಮಾತು ಸುಳ್ಳಾಗಬಾರದೆಂದು ಕಿಟಕಿ ಪಕ್ಕವೇ ಕೂರುತ್ತಿದ್ದೆ.

ಅಲ್ಲಿ ನನ್ನ ಪಕ್ಕಕ್ಕೆ ಕೂರುತ್ತಿದ್ದವಳು ಒಬ್ಬ ಡಾಕ್ಟರರ ಮಗಳು. ಒಂದನೇ ತರಗತಿಯಿಂದ ನನ್ನ ಗೆಳತಿ. ನಾಲ್ಕನೇ ತರಗತಿಯಲ್ಲಿ ಅವಳು ಒಂದು ದಿನ, ನೀನೂ ಆಯಮ್ಮನೂ ದಿನಾ ಒಂದೇ ದಾರಿಯಲ್ಲಿ ಹೋಗುತ್ತೀರಲ್ಲ, ಯಾಕೆ ಎಂದು ಕೇಳಿದಳು. ಆಯಮ್ಮ ನಮ್ಮ ಗಲ್ಲಿಯವರು ಎಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಾವು ಮಾತಾಡುತ್ತಿದ್ದ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅವ್ವ ಕಸ ಗುಡಿಸುತ್ತಿದ್ದಳು. ಪೊರಕೆ ನಿಲ್ಲಲಿಲ್ಲ.

ಆ ಸಂಜೆ ಅವಳು ನನಗೆ ಎಂದಿಗಿಂತ ಹೆಚ್ಚು ಬೆಲ್ಲ ಹಾಕಿ ಮಾದಲಿ ಕೊಟ್ಟಳು. ನಾನು ಅರ್ಧ ತಿಂದ ಮೇಲೆ, "ನಿಮ್ಮ ಗಲ್ಲಿ ಆಯಮ್ಮ ಆರಾಮ ಅದಾಳೇನು?" ಎಂದು ಕೇಳಿದಳು. ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅವಳು ಬೈಯಲಿಲ್ಲ. ನಗುತ್ತಲೇ ಇದ್ದಳು. ಮುಂದೆ ಎಷ್ಟೋ ದಿನ ನನಗೆ ಏನಾದರೂ ಕೊಡಬೇಕಾದಾಗಲೆಲ್ಲ, ತಗೋ, ನಿಮ್ಮ ಗಲ್ಲಿಯವಳು ಕೊಟ್ಟಾಳ ಎನ್ನುತ್ತಿದ್ದಳು. ಬೈದಿದ್ದರೆ ನಾನು ಬೇಗ ಸುಧಾರಿಸುತ್ತಿದ್ದೆನೋ ಏನೋ.

ಹೀಗೆ ಒಂಬತ್ತನೇ ತರಗತಿ ಬಂತು. ಅಲ್ಲಿಯವರೆಗೆ ಪಾಲಕರ ಸಭೆಗೆ ಅಪ್ಪ ಬರುತ್ತಿದ್ದ, ಇಲ್ಲವೇ ಸಭೆ ಮುಗಿದ ಮೇಲೆ ಅವ್ವ ಶಿಕ್ಷಕರ ಕೋಣೆಯಲ್ಲಿ ಚಹಾದ ಕಪ್ಪು ತೊಳೆಯುತ್ತ ಸಹಿ ಮಾಡಿಬಿಡುತ್ತಿದ್ದಳು. ಆ ವರ್ಷ ಮೈಸೂರು ಕಡೆಯ ಹೊಸ ಕ್ಲಾಸ್ ಟೀಚರ್ ಬಂದಿದ್ದರು. ಯಾರ ಮನೆಯವರು ಬರುವುದಿಲ್ಲವೋ ಅವರಿಗೆ ಅಂಕಪಟ್ಟಿ ಇಲ್ಲ ಎಂದು ಮೊದಲೇ ಹೇಳಿದ್ದರು. ಸಭೆಯ ದಿನ ಹೊಸ ತೊಗರಿ ಬರುವ ಹಂಗಾಮು. ಅಪ್ಪನಿಗೆ ಮಿಲ್ಲಿನಿಂದ ಬಿಡುವು ಸಿಗಲಿಲ್ಲ.

ಸಭಾಂಗಣದಲ್ಲಿ ಪಾಲಕರಿಗೆ ಕುರ್ಚಿ, ಮಕ್ಕಳು ಗೋಡೆಗೆ ಸಾಲಾಗಿ. ಅವ್ವ ನೀಲಿ ಕೋಟಿನಲ್ಲಿ ಎಲ್ಲರಿಗೂ ಚಹಾ ಕೊಟ್ಟಳು. ಕೊಟ್ಟು ಮುಗಿಸಿ, ಟ್ರೇ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕೋಟು ಬಿಚ್ಚಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಟ್ರೇ ಪಕ್ಕ ಇಟ್ಟು, ಎರಡನೇ ಸಾಲಿನ ಖಾಲಿ ಕುರ್ಚಿಯಲ್ಲಿ ಬಂದು ಕೂತಳು. ನನ್ನ ಗೆಳತಿಯ ತಾಯಿ ಪಕ್ಕದ ಕುರ್ಚಿಯಲ್ಲಿದ್ದರು. ಫೋನಿನಲ್ಲಿ ಕಣ್ಣಿಟ್ಟಿದ್ದ ಅವರು ಚಹಾ ಕುಡಿದು ಮುಗಿಸಿ ಖಾಲಿ ಕಪ್ಪನ್ನು ಅವ್ವನ ಕಡೆ ಚಾಚಿದರು. ಅವ್ವ ತಗೊಂಡಳು. ತಗೊಂಡು ಕುರ್ಚಿಯ ಕೆಳಗೆ ಇಟ್ಟು ಹಾಗೇ ಕೂತಳು. ಆ ತಾಯಿ ಆಗ ತಲೆ ಎತ್ತಿ ನೋಡಿದರು, ಮತ್ತೆ ಫೋನಿಗೆ ಮರಳಿದರು.

ಕ್ಲಾಸ್ ಟೀಚರ್ ಮೃದುವಾಗಿಯೇ ಹೇಳಿದರು. "ಆಯಮ್ಮ, ಅಲ್ಲಿ ಪೇರೆಂಟ್ಸ್ ಕೂತ್ಕೋತಾರೆ."

"ಹೌದ್ರಿ ಟೀಚರ್. ಅದಕ್ಕೇ ಕುಂತೀನ್ರಿ."

ಯಾರ ಪೇರೆಂಟ್ ಎಂದು ಅವರು ಕೇಳಿದರು. ಅವ್ವ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಕೂತಳು. ಕಟ್ಟಳೆ ಅವಳದೇ. ಅದನ್ನು ಮುರಿಯುವ ಕೆಲಸ ನನ್ನದು ಎಂದು ಬಿಟ್ಟಿದ್ದಳು. ನನಗೆ ಗೋಡೆಯೊಳಗೆ ಹೊಕ್ಕುಬಿಡಬೇಕು ಅನ್ನಿಸಿತು. ಗೆಳತಿ ಪಕ್ಕದಲ್ಲೇ ನಿಂತಿದ್ದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನ್ನ ಲೆಕ್ಕದಲ್ಲಿ ಒಂದು ಪೂರ್ತಿ ಪಿರಿಯಡ್. ಕೊನೆಗೆ ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮವ್ವ, ಟೀಚರ್," ಎಂದೆ. ಇಂಗ್ಲಿಷಿನಲ್ಲಿ ಹೇಳಬೇಕಿತ್ತು, ಮರೆತೆ.

ಸಭೆಯಲ್ಲಿ ಏನೂ ಆಗಲಿಲ್ಲ. ಯಾರೂ ನಗಲಿಲ್ಲ, ಯಾರೂ ಬೆಚ್ಚಲಿಲ್ಲ. ಒಂಬತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು ಅವರಿಗೆ ಒಂದು ಚಹಾ ಕಪ್ಪಿನಷ್ಟೂ ಮುಖ್ಯವಲ್ಲ ಎಂದು ತಿಳಿದು ಸ್ವಲ್ಪ ನಿರಾಸೆಯೇ ಆಯಿತು.

ನನ್ನ ಸರದಿ ಬಂದಾಗ, ಗಣಿತವೊಂದರಲ್ಲಿ ಹಿಂದೆ ಇದ್ದಾಳೆ ಎಂದರು ಟೀಚರ್. ಯಾಕೆ ಎಂದು ಅವ್ವ ಕೇಳಿದಳು. ಗಣಿತದ ಸರ್ ಅಲ್ಲೇ ಇದ್ದರು. ಕ್ಲಾಸಿನ ಬಹಳ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ, ಈಕೆ ಹೋಗುವುದಿಲ್ಲ, ಅದೇ ವ್ಯತ್ಯಾಸ ಎಂದರು. ಟ್ಯೂಷನ್ ಯಾರು ಹೇಳುತ್ತಾರೆ ಎಂದು ಅವ್ವ ವಿಚಾರಿಸಿದಳು. ತಾವೇ, ಸಂಜೆ ಮನೆಯಲ್ಲಿ ಎಂದರು ಸರ್.

ಅವ್ವ ಸ್ವಲ್ಪ ಯೋಚಿಸಿದಳು. "ಸರ್, ನಂಗ ತಿಳೀಲಿಲ್ರಿ. ಸಾಲ್ಯಾಗ ಹೇಳೋ ಗಣಿತ ಬ್ಯಾರೆ, ಸಂಜಿಕ ನಿಮ್ಮ ಮನ್ಯಾಗ ಹೇಳೋ ಗಣಿತ ಬ್ಯಾರೆ ಏನ್ರಿ?"

ಅವಳು ಚುಚ್ಚಲೆಂದು ಕೇಳಿದಳೋ, ನಿಜಕ್ಕೂ ತಿಳಿಯದೆ ಕೇಳಿದಳೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಈ ಸಲ ಸಭೆ ನಕ್ಕಿತು. ಮೊದಲು ನಕ್ಕವರು ಗೆಳತಿಯ ತಾಯಿ, ಯಾಕೆಂದರೆ ಆ ಸಂಜೆಯ ಗಣಿತಕ್ಕೆ ದುಡ್ಡು ಕೊಡುತ್ತಿದ್ದವರಲ್ಲಿ ಅವರೂ ಒಬ್ಬರು. ಸರ್ ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ ಅವರು. ಶಾಲೆ ಕೊಡುತ್ತಿದ್ದ ಸಂಬಳದಲ್ಲಿ ಸಂಸಾರ ನಡೆಯುತ್ತಿರಲಿಲ್ಲ ಎಂಬುದು ಅವ್ವನಿಗೂ ಗೊತ್ತಿತ್ತು. ಮರುವಾರದಿಂದ ಶಾಲೆ ಬಿಟ್ಟ ಮೇಲೆ ಅವ್ವ ತರಗತಿಗಳ ಕಸ ಗುಡಿಸುವಷ್ಟು ಹೊತ್ತು, ಅರ್ಧ ಗಂಟೆ, ಸರ್ ನನ್ನನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಅವ್ವ ಆ ಕೋಣೆಯನ್ನು ಕೊನೆಗೆ ಗುಡಿಸುತ್ತಿದ್ದಳು, ಆದಷ್ಟು ನಿಧಾನ.

ಗೆಳತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಆಯಮ್ಮನ ಮಗಳು ಎಂಬುದಕ್ಕೆ ಅಂದುಕೊಂಡು ನಾನು ಒಳಗೊಳಗೇ ದೊಡ್ಡ ದುಃಖ ಪಟ್ಟೆ. ಮೂರನೇ ದಿನ ಕಾರಣ ಗೊತ್ತಾಯಿತು. ಅವಳು ಇಷ್ಟು ವರ್ಷ ತನ್ನ ಗುಟ್ಟುಗಳನ್ನೆಲ್ಲ ಆಯಮ್ಮನ ಮುಂದೆ ಹೇಳಿಕೊಂಡಿದ್ದಳು. ಕಡಿಮೆ ಅಂಕದ ಪೇಪರ್ ಎಲ್ಲಿ ಬಚ್ಚಿಟ್ಟಿದ್ದಾಳೆ, ಅಪ್ಪ ಅಮ್ಮ ಯಾವಾಗ ಜಗಳಾಡಿದರು, ಎಲ್ಲ. ಅದೆಲ್ಲ ರಾತ್ರಿ ಊಟಕ್ಕೆ ನನಗೆ ತಲುಪಿರಬೇಕು ಎಂದು ಅವಳ ಸಿಟ್ಟು. ಅವ್ವ ನನಗೆ ಏನೂ ಹೇಳಿರಲಿಲ್ಲ. ಅಷ್ಟೊಂದು ಗುಟ್ಟು ಇದ್ದದ್ದೇ ನನಗೆ ತಿಳಿದದ್ದು ಆಗ. ಮನೆಗೆ ಬಂದು ಅವ್ವನನ್ನು ಕೇಳಿದರೆ, ಅದು ಸಾಲಿ ಮಾತು, ಮನಿಗಿ ತರಬಾರದು ಎಂದಳು. ನನಗೆ ತುಂಬ ಹೊಟ್ಟೆಕಿಚ್ಚಾಯಿತು.

ಪಿಯುಸಿಯಲ್ಲಿ ನಾವಿಬ್ಬರೂ ವಿಜ್ಞಾನ ತೆಗೆದುಕೊಂಡೆವು. ಇಬ್ಬರೂ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದೆವು. ಇಬ್ಬರಿಗೂ ಸೀಟು ಸಿಗುವಂಥ ರ‍್ಯಾಂಕ್ ಬರಲಿಲ್ಲ. ನನ್ನದು ಅವಳಿಗಿಂತ ತುಸು ಮೇಲಿತ್ತು. ಆ ತುಸುವನ್ನು ನಾನು ಇಂದಿಗೂ ಮರೆತಿಲ್ಲ ಎಂಬುದು ನನ್ನ ಸಣ್ಣತನ.

ಡಾಕ್ಟರರು ಮಗಳನ್ನು ಒಂದು ವರ್ಷದ ಕೋಚಿಂಗಿಗೆ ಹೈದರಾಬಾದಿಗೆ ಕಳಿಸಿದರು. ನಾನೂ ಇನ್ನೊಂದು ಸಲ ಬರೆಯುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಹೈದರಾಬಾದು ಬೇಡ, ಬೀದರಿನಲ್ಲೇ ಮನೆಯಲ್ಲಿ ಕೂತು ಓದುತ್ತೇನೆ ಎಂದೆ. ಅಪ್ಪ ಒಪ್ಪುವ ಹಾಗೆ ಕಂಡ. ಆದರೆ ಆ ವರ್ಷ ಅವನಿಗೆ ಮಿಲ್ಲಿನ ಧೂಳಿನಿಂದ ಕೆಮ್ಮು ಹಿಡಿದು ಕೆಲಸ ವಾರಕ್ಕೆ ನಾಲ್ಕು ದಿನಕ್ಕೆ ಇಳಿದಿತ್ತು. ಅವ್ವ ನನ್ನ ಪಕ್ಕ ಕೂತು ಹೇಳಿದಳು.

"ಡಾಕ್ಟರ ಮನ್ಯಾಗ ಫೇಲ್ ಆದ್ರ ಅದಕ್ಕ ತಯಾರಿ ಅಂತಾರ. ನಮ್ಮ ಮನ್ಯಾಗ ಅದು ಫೇಲೇ ಅವ್ವಾ. ಒಂದು ವರ್ಷ ಕಾಯೋ ತಾಕತ್ತು ನನಗಿಲ್ಲ. ಇದ್ರ ಕೊಡ್ತಿದ್ದೆ."

ಅವಳು ತಮಾಷೆ ಇಲ್ಲದೆ ಆಡಿದ ಮಾತು ನನ್ನ ನೆನಪಿನಲ್ಲಿ ಕಡಿಮೆ. ಇದು ಅದರಲ್ಲಿ ಒಂದು. ನಾನು ಒಂದು ತಿಂಗಳು ಮುಖ ಉಬ್ಬಿಸಿಕೊಂಡಿದ್ದೆ. ಒಂದೇ ಕೋಣೆಯ ಮನೆಯಲ್ಲಿ ಮುಖ ಉಬ್ಬಿಸಿಕೊಂಡಿರುವುದು ಎಷ್ಟು ಕಷ್ಟ ಎಂದು ಇದ್ದವರಿಗೇ ಗೊತ್ತು. ಪ್ರತಿ ಸಲ ತಿರುಗಿ ಕೂತಾಗಲೂ ಇನ್ನೊಬ್ಬರ ಎದುರೇ ಕೂರಬೇಕಾಗುತ್ತಿತ್ತು. ಆಮೇಲೆ ಭಾಲ್ಕಿಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ಸೇರಿದೆ. ದಿನಾ ಬೆಳಿಗ್ಗೆ ಬೀದರಿನಿಂದ ರೈಲು, ಸಂಜೆ ಸಿಕ್ಕ ಬಸ್ಸು. ಸಹಪ್ರಯಾಣಿಕರಲ್ಲಿ ಅರ್ಧ ಜನ ಮರಾಠಿಯಲ್ಲಿ ಜಗಳಾಡುತ್ತಿದ್ದರು, ಅರ್ಧ ಜನ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಮೂರು ವರ್ಷದಲ್ಲಿ ನನಗೆ ಗಣಿತದ ಜೊತೆ ಮರಾಠಿಯೂ ಬಂತು. ಬಿಎಡ್ ಮುಗಿಯಿತು. ನೇಮಕಾತಿ ಪರೀಕ್ಷೆ ಮೊದಲ ಸಲಕ್ಕೇ ಆಯಿತು, ಎರಡನೇ ಸಲ ಇಲ್ಲ ಎಂದು ಗೊತ್ತಿದ್ದವರು ಓದುವ ಹಾಗೆ ಓದಿದ್ದೆ.

ಗೆಳತಿ ಮೂರನೇ ಪ್ರಯತ್ನದಲ್ಲಿ ಸೀಟು ಸಿಕ್ಕಿ ಡಾಕ್ಟರಾದಳು. ಒಳ್ಳೆಯ ಡಾಕ್ಟರು, ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. ಈಗ ಬೀದರಿನಲ್ಲೇ ಇದ್ದಾಳೆ. ಅವ್ವನ ಮೊಣಕಾಲು ನೋವಿಗೆ ಔಷಧ ಬರೆದುಕೊಡುವಾಗ ಇನ್ನೂ ತನ್ನ ಮನೆಯ ಗುಟ್ಟು ಹೇಳುತ್ತಾಳೆ, ನನ್ನನ್ನು ಹೊರಗೆ ಕೂರಿಸಿ. ಒಂದು ಸಲ ನಾನು ಅವಳಿಗೆ, ನಿನಗೆ ಮೂರು ಸಲ ಸಿಕ್ಕಿತು, ನನಗೆ ಒಂದೇ ಎಂದೆ. ಅವಳು ವಾದ ಮಾಡಲಿಲ್ಲ. ಎರಡನೇ ಸಲ ಫೇಲಾದ ದಿನ ಹೈದರಾಬಾದಿನ ಹಾಸ್ಟೆಲಿನಿಂದ ತಾನು ಮೊದಲು ಫೋನ್ ಮಾಡಿದ್ದು ಅಪ್ಪ ಅಮ್ಮನಿಗಲ್ಲ, ಆಯಮ್ಮನಿಗೆ ಎಂದಳು. ಅದನ್ನೂ ಅವ್ವ ನನಗೆ ಹೇಳಿರಲಿಲ್ಲ.

ನನಗೆ ನೌಕರಿ ಸಿಕ್ಕಿದ್ದು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ. ಠಾಣಾ ಕುಶನೂರಿನಲ್ಲಿ ಬಸ್ಸು ಬದಲಿಸಿ ಹೋಗಬೇಕು. ವಿಷಯ ಗಣಿತ. ಸಂಬಳ ಬಂದ ಮೇಲೆ ಅವ್ವನಿಗೆ ಕೆಲಸ ಬಿಡು ಎಂದೆ. ಫೀ ಮಾಫಿ ಮುಗಿದು ಏಳೆಂಟು ವರ್ಷವಾಗಿದ್ದರೂ ಅವಳು ಒಪ್ಪಲಿಲ್ಲ. ಮೊಣಕಾಲು ಹಟ ಹಿಡಿದ ಮೇಲೆ ಬಿಟ್ಟಳು. ಬೀಳ್ಕೊಡುಗೆಯಲ್ಲಿ ಅವಳಿಗೆ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ನನಗೆ ಯಾಕೆ ಗಡಿಯಾರ ಎಂದು ಅದನ್ನು ಖಾಲಾ ಮನೆಯಲ್ಲಿ ಹಾಕಿಸಿದಳು.

ಮದುವೆಯಾಗಿ ನನಗೂ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳುತ್ತಾರೆಂದು ಗೊತ್ತು. ನನ್ನ ಮಗಳು ಎಲ್ಲಿ ಓದುತ್ತಾಳೆ? ಬೀದರಿನಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ, ಹಳದಿ ವ್ಯಾನಿನಲ್ಲಿ ಹೋಗಿ. ನಾನು ದಾಖಲಾತಿ ಆಂದೋಲನದಲ್ಲಿ ಹಳ್ಳಿಯ ಮನೆಮನೆಗೆ ಹೋಗಿ ಸರ್ಕಾರಿ ಶಾಲೆಯ ಗುಣ ಹೇಳುವಾಗ ಯಾರಾದರೂ ಇದನ್ನು ಕೇಳಿದರೆ ನನಗೆ ತಟ್ಟನೆ ಬಾಯಾರಿಕೆಯಾಗುತ್ತದೆ. ನೀರು ತರಲು ಅವರು ಒಳಗೆ ಹೋಗುತ್ತಾರೆ, ಬರುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಅವ್ವನಿಗೆ ಇದು ಗೊತ್ತು. ನೀನು ಹಳ್ಳಿಯಲ್ಲಿ ಬಹಳ ನೀರು ಕುಡಿಯುತ್ತೀ ಎನ್ನುತ್ತಾಳೆ.

ಕಳೆದ ವರ್ಷ ಅವಳು ನನ್ನ ಶಾಲೆ ನೋಡಬೇಕು ಎಂದಳು. ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯರು ಮರ್ಯಾದೆಯ ಮನುಷ್ಯರು; ತಾವೇ ಕುರ್ಚಿ ಹಾಕಿದರು, ಚಹಾ ತರಿಸಿದರು. ಅವತ್ತು ಅವರ ಕೋಣೆಯಲ್ಲಿ ಒಂದು ಸಣ್ಣ ಸಭೆ ಇತ್ತು. ಎಂಟನೇ ತರಗತಿಗೆ ಬಂದ ಹುಡುಗಿಯರಲ್ಲಿ ಹಲವರು ಹತ್ತಕ್ಕೆ ಬರುವಷ್ಟರಲ್ಲಿ ಯಾಕೆ ಶಾಲೆ ಬಿಡುತ್ತಾರೆ ಎಂಬ ಬಗ್ಗೆ ಮೇಲಿನವರಿಗೆ ಕಾರಣ ಬರೆದು ಕಳಿಸಬೇಕಿತ್ತು. ನಾವು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು. ಪಾಲಕರ ಅನಕ್ಷರತೆ, ಸೋಯಾ ರಾಶಿ ಕಾಲದ ಕೂಲಿ, ಬಾಲ್ಯವಿವಾಹ, ಬಸ್ಸಿನ ಕೊರತೆ. ನಾನು ಸಾಮಾಜಿಕ ಚಲನಶೀಲತೆ ಎಂಬ ಪದ ಬಳಸಿದೆ. ಮುಖ್ಯೋಪಾಧ್ಯಾಯರು ಅದನ್ನು ಮೆಚ್ಚಿ ಬರೆದುಕೊಂಡರು.

ಅಷ್ಟರಲ್ಲಿ ಅವ್ವ ಕುರ್ಚಿಯಲ್ಲಿ ಇರಲಿಲ್ಲ. ಕುಂಟುತ್ತ ಶಾಲೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಬಂದು ಕೂತು, ಹಿತ್ತಲಿನಲ್ಲಿರುವ ಹುಡುಗಿಯರ ಹೊಸ ಶೌಚಾಲಯಕ್ಕೆ ಬೀಗ ಹಾಕಿದೆಯಲ್ಲ, ಕೀಲಿ ಯಾರ ಹತ್ತಿರ ಎಂದು ಕೇಳಿದಳು. ಮುಖ್ಯೋಪಾಧ್ಯಾಯರು ಜೇಬು ಮುಟ್ಟಿಕೊಂಡರು. ತೆರೆದಿಟ್ಟರೆ ಕೆಡಿಸುತ್ತಾರೆ, ಅದಕ್ಕೆ ತಮ್ಮ ಹತ್ತಿರವೇ ಇಟ್ಟುಕೊಂಡಿರುವುದಾಗಿಯೂ, ಬೇಕಾದವರು ಬಂದು ಕೇಳಬಹುದೆಂದೂ ಹೇಳಿದರು.

"ಹದಿನಾಕ ವರ್ಷದ ಹುಡುಗಿ ಗಂಡಮಗ ಸರ್ ಹತ್ರ ಬಂದು ಕೀಲಿ ಕೇಳ್ತಾಳೇನ್ರಿ?" ಎಂದಳು ಅವ್ವ. "ನೀವು ಅವರು ಯಾಕ ಸಾಲಿ ಬಿಡ್ತಾರಂತ ಇಷ್ಟು ಮಂದಿ ಕುಂತು ಹುಡಕ್ಲಿಕತ್ತೀರಿ. ಅರ್ಧ ಕಾರಣ ನಿಮ್ಮ ಕಿಸೇದಾಗ ಅದರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಶೂ ಎಡಬಲ ಆಗಿದೆ ಎಂದು ತೋರಿಸುವ ಹಾಗೆ ಹೇಳಿದಳು. ಕೋಣೆಯಲ್ಲಿ ಆರು ಜನ ಪದವೀಧರರಿದ್ದೆವು, ನಾನು ಆ ಶಾಲೆಗೆ ಬಂದು ನಾಲ್ಕು ವರ್ಷವಾಗಿತ್ತು. ಶಿಕ್ಷಕಿಯರಾದ ನಾವಿಬ್ಬರು ಪಕ್ಕದ ಅಂಗನವಾಡಿಯ ಶೌಚಾಲಯ ಬಳಸುತ್ತಿದ್ದೆವು. ಹುಡುಗಿಯರು ಏನು ಮಾಡುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ. ನಾನು ಬರೆದುಕೊಂಡಿದ್ದ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

ಮುಖ್ಯೋಪಾಧ್ಯಾಯರು ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಹತ್ತನೇ ತರಗತಿಯ ಹುಡುಗಿಯರ ಕಡೆ ಕೊಟ್ಟೆವು. ಅವರು ತಮ್ಮ ತರಗತಿಯ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ತೂಗುಹಾಕಿದರು. ಗುಡಿಸಿ ತೊಳೆಯುವುದು ಯಾರು ಎಂಬ ಪ್ರಶ್ನೆ ಬಂದಾಗ, ಹುಡುಗಿಯರೇ ಎಂದು ಒಬ್ಬ ಸರ್ ಸೂಚಿಸಿದರು. ಅವ್ವ ಅವರ ಮುಖ ನೋಡಿದಳು, ಅಷ್ಟೇ. ಶಾಲೆಯ ಖರ್ಚಿನಲ್ಲಿ ಹಳ್ಳಿಯ ಒಬ್ಬ ಹೆಣ್ಣುಮಗಳನ್ನು ದಿನಕ್ಕೆ ಒಂದು ಗಂಟೆಗೆ ನೇಮಿಸಿಕೊಂಡೆವು. ಆಕೆಯ ಇಬ್ಬರು ಮಕ್ಕಳು ನಮ್ಮಲ್ಲೇ ಓದುತ್ತಾರೆ. ಕೀಲಿ ಈವರೆಗೆ ಎರಡು ಸಲ ಕಳೆದುಹೋಗಿ, ಎರಡು ಸಲವೂ ಹುಡುಗಿಯರೇ ಔರಾದಿಗೆ ಹೋಗಿ ಹೊಸದು ಮಾಡಿಸಿಕೊಂಡು ಬಂದಿದ್ದಾರೆ.